ಊಟದ ಮಾತನ್ನು ಎರಡು ಸಲ ಕೇಳುವ ದವಾಖಾನೆ

ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ, ನಾನು ಯಲಬುರ್ಗಾದ ಒಂದು ಖಾಸಗಿ ದವಾಖಾನೆಯ ಹೊಸ್ತಿಲಿನಿಂದ ಮೂರು ಹೆಜ್ಜೆ ಒಳಗೆ, ಕುಡಿಯುವ ನೀರಿನ ಕ್ಯಾನಿನ ಬಲಕ್ಕೆ ನಿಂತಿದ್ದೆ. ಎಡಕ್ಕೆ, ಬೆಂಚಿನ ತುದಿಯಲ್ಲಿ ನನ್ನ ಅಕ್ಕ ಕೂತಿದ್ದಳು. ಗೋಡೆಯ ಗಡಿಯಾರವನ್ನು ನನ್ನ ಕೈಗಡಿಯಾರದೊಂದಿಗೆ ತಾಳೆ ನೋಡಿದ್ದೆ. ಅದು ನನ್ನ ಅಭ್ಯಾಸ. ಮುನಿರಾಬಾದಿನಲ್ಲಿ ಕಾಲುವೆಯ ನೀರಿನ ಮಟ್ಟ ಬರೆದಿಡುವ ಕೆಲಸ ಮಾಡಿ ನಿವೃತ್ತನಾದವನು ನಾನು. ಕಣ್ಣಾರೆ ನೋಡದೆ ಒಂದು ಅಂಕಿಯನ್ನೂ ಬರೆದವನಲ್ಲ.

ಅಕ್ಕ ಗಂಗಾವತಿಯವಳು. ಸಕ್ಕರೆ ಕಾಯಿಲೆಗೆ ದಿನಾ ಗುಳಿಗೆ ನುಂಗುತ್ತಾಳೆ. ತಳಕಲ್ಲಿನ ನಮ್ಮ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಆ ಮುಂಜಾನೆ ಕೈಕಾಲಲ್ಲಿ ಶಕ್ತಿ ಇಲ್ಲ ಎಂದಳು. "ಒಂದು ಸೂಜಿ ಮಾಡಿಸ್ಕೊಂಡ್ರ ಸರಿ ಹೊಕ್ಕೈತಿ ತಮ್ಮಾ" ಎಂದಳು. ನಮ್ಮ ಕಡೆ ಸೂಜಿ ಚುಚ್ಚದ ವೈದ್ಯರನ್ನು ಯಾರೂ ವೈದ್ಯರೆಂದು ಎಣಿಸುವುದಿಲ್ಲ. ನಾನೂ ಎಣಿಸುತ್ತಿರಲಿಲ್ಲ.

ಆ ದವಾಖಾನೆಗೆ ನಾನು ಹೊಸಬ. ಒಂದು ತಾಸಿನಿಂದ ಕಾಯುತ್ತ, ನಿಂತಲ್ಲೇ ಅದನ್ನು ಅಳೆಯುತ್ತಿದ್ದೆ. ನೆಲ ಸ್ವಚ್ಛವಿತ್ತು. ಆದರೆ ಒಬ್ಬೊಬ್ಬರಿಗೂ ಹದಿನೈದು ನಿಮಿಷ ಹಿಡಿಯುತ್ತಿತ್ತು. ಹೊರಗೆ ಬಂದವರ ಕೈಯಲ್ಲಿ ಬರೀ ಚೀಟಿ. ತೋಳು ತಿಕ್ಕಿಕೊಳ್ಳುತ್ತ ಬಂದವರು ಒಬ್ಬರೂ ಇಲ್ಲ.

"ಇಲ್ಲಿ ಸೂಜಿ ಸಿಗೂದಿಲ್ರಿ ಸಾಹೇಬ್ರ," ಎಂದ ಅಕ್ಕನ ಪಕ್ಕ ಕೂತಿದ್ದ ಮೊಣಕಾಲು ನೋವಿನ ಅಜ್ಜ. "ನಾ ಮೂರು ಸಲ ಬಂದೀನಿ. ಹೆಣ್ಣು ನೋಡಾಕ ಬಂದಾವ್ರಂಗ ಬರೇ ಪ್ರಶ್ನಿ ಕೇಳ್ತಾರ."

"ಮತ್ತ ನಾಕನೇ ಸಲ ಯಾಕ ಬಂದಿ ಯಜ್ಜಾ?" ಎಂದಳು ಒಳಬಾಗಿಲಲ್ಲಿ ನಿಂತಿದ್ದ ನರ್ಸ್.

"ಮೊಣಕಾಲು ಕಡಿಮಿ ಆಗೇತವಾ. ಅದಕ್ಕ ಸಿಟ್ಟು ಬಂದೈತಿ ನನಗ."

ನರ್ಸ್ ನಗುತ್ತಲೇ ನಮ್ಮ ಬಳಿ ಬಂದಳು. "ಅಮ್ಮಾರದು ಊಟ ಆತೇನ್ರಿ?"

"ಆತ್ರಿ," ಎಂದೆ ನಾನು.

ನಮ್ಮಲ್ಲಿ ಆ ಪ್ರಶ್ನೆಗೆ ಇರುವುದು ಅದೊಂದೇ ಉತ್ತರ. ಯಾರು ಕೇಳಿದರೂ, ಯಾವ ಹೊತ್ತಿಗೆ ಕೇಳಿದರೂ, ಹೊಟ್ಟೆ ಖಾಲಿ ಇದ್ದರೂ ಆತು ಎನ್ನುತ್ತೇವೆ. ಮರ್ಯಾದೆಯ ಮಾತು ಅದು. ಕೇಳಿದವರು ಮುಂದೆ ಕೇಳುವುದಿಲ್ಲ.

ಅವಳು ಕೇಳಿದಳು. ಅಕ್ಕನ ಮುಂದೆ ಬಗ್ಗಿ, "ಯವ್ವಾ, ಮುಂಜಾನಿ ಏನ ಪಲ್ಯ ಮಾಡಿದ್ರಿ?" ಎಂದಳು.

ಅಕ್ಕ ಅವಳ ಮುಖವನ್ನೇ ನೋಡಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಆದರೂ ಅಕ್ಕನ ಮೇಲ್ದುಟಿಯಲ್ಲಿ ಬೆವರ ಹನಿಗಳಿದ್ದವು. ಬೆರಳುಗಳು ಸೆರಗಿನ ಅಂಚನ್ನು ಹುಡುಕುತ್ತಿದ್ದವು. "ಬಸ್ ಬಂತೇನು?" ಎಂದಳು.

"ಸಕ್ರಿ ಗುಳಿಗಿ ತಗೊಂಡಾರೇನ್ರಿ?" ನರ್ಸ್ ನನ್ನತ್ತ ತಿರುಗಿದಳು.

"ತಗೊಂಡಾಳ್ರಿ. ನಾನ ನೀರು ಕೊಟ್ಟೀನಿ." ಹಾಗೆಂದ ಮೇಲೆಯೇ ನನಗೆ ಹೊಳೆದದ್ದು. ಶ್ರಾವಣ ಸೋಮವಾರ. ಸಂಜೆ ದೀಪ ಹಚ್ಚುವತನಕ ಅಕ್ಕ ಏನೂ ಮುಟ್ಟುವುದಿಲ್ಲ. "ಒಪ್ಪತ್ತು ಅದಾಳ್ರಿ," ಎಂದೆ.

ನರ್ಸ್ ಅಕ್ಕನ ಬೆರಳು ಚುಚ್ಚಿ, ರಕ್ತದ ಹನಿಯನ್ನು ಸಣ್ಣ ಮಷೀನಿಗೆ ಹಿಡಿದು ನೋಡಿ, "ಸಕ್ರಿ ಭಾಳ ಇಳಿದೈತ್ರಿ" ಎಂದು ದನಿ ಏರಿಸದೆ ವೈದ್ಯರನ್ನು ಕರೆದಳು. ಅವರು ಒಳಗಿದ್ದ ರೋಗಿಯನ್ನು ಅಲ್ಲಿಯೇ ಬಿಟ್ಟು ಬಂದರು. ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಕ್ಕನಿಗೆ ನುಂಗಲು ಆಗುತ್ತದೆಂದು ಖಚಿತ ಮಾಡಿಕೊಂಡು, ಸಕ್ಕರೆ ಕರಗಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಅಕ್ಕ ಜಾರದಂತೆ ಅಜ್ಜ ಅವಳ ಬೆನ್ನಿಗೆ ಕೈ ಕೊಟ್ಟಿದ್ದ. ನಾನು ನಿಂತಲ್ಲಿಯೇ ನಿಂತಿದ್ದೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅಕ್ಕ ನನ್ನನ್ನು ಗುರುತಿಸಿದಳು. "ತಮ್ಮಾ, ಸೂಜಿ ಮಾಡಿದ್ರೇನು?"

"ಮಾಡೇವ್ರಿ ಯವ್ವಾ, ಬೆರಳಿಗೆ," ಎಂದರು ವೈದ್ಯರು.

"ನೋಡ್ರಿ," ಎಂದ ಅಜ್ಜ, "ಬಂದ ದಿನಾನ ಈಕಿಗೆ ಸಿಕ್ತು!"

ನರ್ಸ್ ತನ್ನ ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಮಧ್ಯಾಹ್ನ ಒಂದು ಗಂಟೆಯವರೆಗೆ ನಮ್ಮನ್ನು ಕೂಡಿಸಿಕೊಂಡು ಮತ್ತೆರಡು ಸಲ ಬೆರಳು ಚುಚ್ಚಿ ನೋಡಿದರು. "ವಾರದ ಒಪ್ಪತ್ತು ಬಿಡ್ರಿ ಅನ್ನಂಗಿಲ್ಲ," ಎಂದರು ವೈದ್ಯರು. "ಒಪ್ಪತ್ತು ಮಾಡೂ ಹಿಂದಿನ ದಿನ ಗುಳಿಗಿ ಹೆಂಗ ತಗೋಬೇಕಂತ ಬಂದು ಕೇಳ್ರಿ. ಅಷ್ಟ."

ಹೊರಡುವಾಗ ನರ್ಸನ್ನು ಕೇಳಿದೆ: ನಾನು ಆತು ಎಂದ ಮೇಲೂ ಯಾಕೆ ಕೇಳಿದಿರಿ?

"ಆಗಿಲ್ಲ ಅಂದಾವ್ರನ್ನ ನಾ ಇನ್ನೂ ನೋಡಿಲ್ರಿ. ನಮ್ಮವ್ವನೂ ಹಂಗ ಅಂತಾಳ."

ಈಗ ಊರವರು ಆ ದವಾಖಾನೆ ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಸೂಜಿ ಇಲ್ಲ, ಭಾಳ ಹೊತ್ತು ಕೂರಬೇಕು, ಛಲೋ ಐತಿ ಎನ್ನುತ್ತೇನೆ.

ಅಂದು ಇದನ್ನು ಕಂಡವರು ಇದ್ದಾರೆ. ವೈದ್ಯರು ಇದ್ದಾರೆ. ನರ್ಸ್ ಅಲ್ಲಿಯೇ ಇದ್ದಾಳೆ. ಅಜ್ಜ ಇದ್ದಾನೆ, ಸೂಜಿ ಇನ್ನೂ ಸಿಕ್ಕಿಲ್ಲ. ಅಕ್ಕನಿಗೆ ಆ ಹದಿನೈದು ನಿಮಿಷ ನೆನಪಿಲ್ಲ, ಆದ್ದರಿಂದ ಅವಳು ಕಂಡಳು ಎನ್ನಲಾರೆ. ಆದರೆ ಇದ್ದಾಳೆ. ನಿನ್ನೆ ಫೋನಿನಲ್ಲಿ ಊಟ ಆತೇನು ಎಂದೆ. ಆತು ಎಂದಳು. ಏನ ಪಲ್ಯ ಎಂದೆ.

"ಬದನಿಕಾಯಿ," ಎಂದಳು.