ಶೇಂಗಾ ಕೊಡದ ಮೇಡಂ

ನಮ್ಮ ಮೇಡಂ ಡಸ್ಟರ್ ಮುಟ್ಟುತ್ತಿರಲಿಲ್ಲ. ಬೋರ್ಡನ್ನು ಅಂಗೈಯಿಂದಲೇ ಒರೆಸುವರು. ಪಾಠ ಮುಗಿಯುವ ಹೊತ್ತಿಗೆ ಬಲಗೈ ಮೊಣಕೈವರೆಗೆ ಬೆಳ್ಳಗಾಗಿ, ಆಗಷ್ಟೇ ರೊಟ್ಟಿ ಬಡಿದು ಎದ್ದು ಬಂದವರಂತೆ ಕಾಣುತ್ತಿದ್ದರು. ಅದೇ ಕೈಯಿಂದ ಹಣೆ ಒರೆಸಿಕೊಂಡು ಕುಂಕುಮವನ್ನೂ ಬಿಳಿ ಮಾಡಿಕೊಳ್ಳುವರು. ದಾಂಡೇಲಿಯ ಕಾಲೇಜಿನಲ್ಲಿ ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು ಅವರು. ಜೋಯಿಡಾ ಕಡೆಯವರು, ಮನೆಮಾತು ಕೊಂಕಣಿ. ನಮ್ಮನ್ನು ಬೈಯುವುದು ಮಾತ್ರ ಅಪ್ಪಟ ಧಾರವಾಡದ ಕನ್ನಡದಲ್ಲಿ.

ನೋಟ್ಸ್ ಕೊಡುವುದು ಅವರಿಂದ ಆಗದ ಮಾತು. ಕೇಳಿದರೆ, “ತಯಾರ ಮಾಡಿ ಕೊಟ್ಟರ ನೀವು ಮಾಡ್ಕೊಳ್ಳೂದ ಬಿಡ್ತೀರಿ” ಎನ್ನುವರು. ಸೋಮಾರಿತನಕ್ಕೆ ಒಳ್ಳೆಯ ನೆಪ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ನಾನು ಹಳಿಯಾಳದ ಹತ್ತಿರದ ಹಳ್ಳಿಯವಳು, ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಇಂಗ್ಲಿಷ್ ಪುಸ್ತಕ ಗಟ್ಟಿಯಾಗಿ ಓದು ಎಂದರೆ ಎರಡನೇ ಸಾಲಿಗೇ, ಕಬ್ಬಿನ ಗಾಡಿ ಕೆಸರಿನಲ್ಲಿ ಸಿಕ್ಕಂತೆ ನಿಂತುಬಿಡುತ್ತಿದ್ದೆ. ಹಿಂದಿನ ಬೆಂಚಿನಿಂದ ನಗು. ಎರಡನೇ ವರ್ಷದ ನಡುವೆ ಸಾಕೆನಿಸಿತು. ಬಿ.ಎಸ್ಸಿ. ಬಿಟ್ಟು ಹಳಿಯಾಳದಲ್ಲೇ ಬಿ.ಎ. ಸೇರುವುದೆಂದು ಅಪ್ಪನನ್ನೂ ಒಪ್ಪಿಸಿ, ಮೇಡಂಗೆ ಒಂದು ಮಾತು ಹೇಳಿಹೋಗಲು ಬಂದೆ.

“ಹೋಗಾಕಿ ಹೋಗು, ಯಾರ ಬ್ಯಾಡ ಅಂತಾರ?” ಎಂದರು. “ಇವತ್ತಿನ ಪಾಠ ಕೇಳಿ ಹೋಗು. ನನಗೂ ಒಬ್ಬಾಕಿ ಬೇಕಾಗ್ಯಾಳ.”

ಆ ದಿನದ ಪಾಠ ಇದು: ಬ್ಯಾಕ್ಟೀರಿಯಾಕ್ಕೆ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಬೇಕು. ಹೊರಗೆ ಸಿಕ್ಕರೆ ಅದು ತಾನು ತಯಾರಿಸುವ ಗೋಜಿಗೆ ಹೋಗುವುದಿಲ್ಲ; ಸಿಗದಿದ್ದಾಗ ಮಾತ್ರ ತಯಾರಿಕೆಯ ಜೀನ್‌ಗಳನ್ನು ಪೂರ್ತಿ ಕೆಲಸಕ್ಕೆ ಹಚ್ಚುತ್ತದೆ. ಕಣ್ಣಿಲ್ಲದ ಜೀವಿಗೆ ಕೊರತೆ ತಿಳಿಯುವುದು ಹೇಗೆ? ಮೇಡಂ ನಮ್ಮಿಂದಲೇ ಅದನ್ನು ಆಡಿಸಿ ತೋರಿಸಿದರು. ಒಬ್ಬಳು ಜೀನಿನ ಸಂದೇಶವನ್ನು ಬೋರ್ಡಿನ ಮೇಲೆ ನಕಲು ಮಾಡುತ್ತ ಹೋಗಬೇಕು; ನಕಲು ಪೂರ್ತಿಯಾದರಷ್ಟೇ ತಯಾರಿಕೆ. ಅವಳ ಬೆನ್ನಿಗೇ ಇನ್ನೊಬ್ಬರು ಅದನ್ನು ಓದುತ್ತ ಬರಬೇಕು. ಸಂದೇಶದ ಶುರುವಿನಲ್ಲೇ ಅಕ್ಕಪಕ್ಕದ ಎರಡು ಪದಗಳಿಗೆ ಟ್ರಿಪ್ಟೊಫ್ಯಾನ್ ಬೇಕು; ಅದು ಸಿಕ್ಕರಷ್ಟೇ ಓದುವವರಿಗೆ ಮುಂದಿನ ದಾರಿ. ಮೇಡಂ ಮುಷ್ಟಿಯಲ್ಲಿದ್ದ ಶೇಂಗಾ ಬೀಜಗಳೇ ಟ್ರಿಪ್ಟೊಫ್ಯಾನ್.

ಮೊದಲು ಓದಿದವನು ಮೆಕ್ಯಾನಿಕ್ ಒಬ್ಬರ ಮಗ, ನಮ್ಮ ಕ್ಲಾಸಿನ ಜಾಣ. ಶೇಂಗಾ ಸಿಕ್ಕಿತು, ಬಾಯಿಗೆಸೆದುಕೊಂಡು ಸರಸರ ಓದಿದ. ಅವನು ಬಂದು ಬೆನ್ನಿಗೆ ತಾಗಿದ್ದೇ ತಡ, ಮೇಡಂ ಬರೆಯುವವಳ ಕೈ ಹಿಡಿದು, “ಸಾಕ ಬಿಡು. ಮಾಲು ಹೊರಗ ಸಿಗಾಕತ್ತೈತಿ” ಎಂದರು. ಬೋರ್ಡು ಬಹುಪಾಲು ಖಾಲಿ ಉಳಿಯಿತು.

ಮುಂದಿನ ಪಾಳಿ ನನ್ನದು. ಆ ಜಾಗಕ್ಕೆ ಬಂದು ಕೈ ಚಾಚಿದೆ. ಮೇಡಂ ಶೇಂಗಾ ಕೊಡಲೇ ಇಲ್ಲ. ನಿಂತೆ. “ಇಕಿ ಯಾವಾಗಲೂ ಹಿಂಗ ನಿಲ್ಲಾಕಿ” ಎಂದ ಯಾರೋ. ಕ್ಲಾಸೆಲ್ಲ ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬರೆಯುವವಳು ಮಾತ್ರ ಬೋರ್ಡಿನ ಕೊನೆಯವರೆಗೂ ಬರೆಯುತ್ತ ಹೋದಳು; ಮೇಡಂ ತಡೆಯಲಿಲ್ಲ.

“ನಕ್ಕಿದ್ದು ಮುಗೀತಿಲ್ಲೋ? ಈಗ ಬೋರ್ಡ್ ನೋಡ್ರಿ. ಅಂವ ಓಡಿದ, ಕೆಲಸ ಅರ್ಧಕ್ಕ ನಿಂತಿತು. ಇಕಿ ನಿಂತಳು, ಕೆಲಸ ಪೂರಾ ಆತು. ಕೊರತಿ ಐತಿ ಅಂತ ತಿಳಿಯೂದ ಹಿಂಗ ನಿಂತಾಗ. ಅದರಿಂದನ ಬ್ಯಾಕ್ಟೀರಿಯಾ ಬದುಕ್ತೈತಿ.” ಆಮೇಲೆ ನನ್ನ ಕಡೆ ತಿರುಗಿ, “ನಿನಗ ಏನ ಕಡಿಮಿ ಬಿದ್ದೈತಿ?” ಎಂದು ಕೇಳಿದರು.

“ಇಂಗ್ಲಿಷ್ ರೀ.”

“ಅಷ್ಟನ? ಮತ್ತ ಮಾಡ್ಕೊಳ್ಳೂಣು.”

ಅಂದಿನಿಂದ ಹಳಿಯಾಳದ ಬಸ್ಸಿನ ಹೊತ್ತಿನವರೆಗೆ ನನ್ನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡರು. ಪಾಠವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ನನ್ನ ಬಾಯಿಂದಲೇ ಹೇಳಿಸುವರು. ಪದ ಸಿಗದೆ ಒದ್ದಾಡಿದರೂ ತುಟಿ ಬಿಚ್ಚರು. ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಪದವೂ ಬರುತ್ತಿತ್ತು. ಬಿ.ಎಸ್ಸಿ. ಬಿಡಲಿಲ್ಲ. ಎಂ.ಎಸ್ಸಿ. ಮಾಡಿ, ಈಗ ಮುಂಡಗೋಡಿನಲ್ಲಿ ಪಾಠ ಹೇಳುತ್ತೇನೆ. ಚೆನ್ನಾಗಿಯೇ ಹೇಳುತ್ತೇನೆ, ಅದರಲ್ಲಿ ಸಂಕೋಚವೇನು?

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ದಾಂಡೇಲಿಯ ಬಂಗೂರನಗರದಲ್ಲಿದ್ದ ಅವರ ಮನೆಯ ಮುಂದೆ ಹಳೆಯ ವಿದ್ಯಾರ್ಥಿಗಳೇ ತುಂಬಿದ್ದರು. ಅವರಲ್ಲಿ ರ‍್ಯಾಂಕ್ ಬಂದವರು ಕಡಿಮೆ. ಒಬ್ಬಾಕೆ ಮೊದಲ ವರ್ಷ ಫೇಲಾಗಿ ಮನೆಯಲ್ಲಿ ಕೂತಿದ್ದವಳು, ಇನ್ನೊಬ್ಬ ಕಾಲೇಜು ಬಿಟ್ಟು ಗ್ಯಾರೇಜು ಸೇರಿದ್ದವನು. ಹೇಳಿಕೊಂಡಂತೆಲ್ಲ ತಿಳಿಯಿತು: ಹೆಚ್ಚಿನವರು ಅರ್ಧಕ್ಕೆ ಬಿಟ್ಟು ಹೊರಟವರು, ಮೇಡಂ ಕರೆದು ಸಂಜೆ ಹೊತ್ತು ಎದುರಿಗೆ ಕೂರಿಸಿಕೊಂಡವರು. ಇಷ್ಟು ವರ್ಷ ನನ್ನೊಬ್ಬಳಿಗಾಗಿ ಅವರು ಅಷ್ಟು ಮಾಡಿದರೆಂದು ಬೀಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಅವರೆಲ್ಲರ ನಡುವೆ ಜಾಗ ಮಾಡಿಕೊಂಡು ಕೂತು ಮನಸಾರೆ ಅತ್ತೆ.