ಓಫೆಲಿಯಾಳ ತೇಲುವ ಮೇಜು

ಮೊಂಟೆವಿಡಿಯೊದ ಐದು ಸಂಶೋಧನಾಲಯಗಳು ಸೇರಿ ಕೊಂಡ ಮೈಕ್ರೋಸ್ಕೋಪು ಅದು. ಕೊಳ್ಳುವಾಗ ಎಲ್ಲರದೂ ಆಗಿತ್ತು, ಒರೆಸುವಾಗ ಯಾರದೂ ಅಲ್ಲ. ಒರೆಸಲು ಓಫೆಲಿಯಾ ಬೆಂತಾಂಕೋರ್ ಇದ್ದಳಲ್ಲ! ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮದುವೆಯ ಗೋಜಿಗೆ ಹೋಗದೆ, ಯಂತ್ರ ಪೆಟ್ಟಿಗೆಯಿಂದ ಹೊರಬಂದ ದಿನದಿಂದ ಅದರ ಕೋಣೆ ಕಾಯ್ದುಕೊಂಡು ಬಂದವಳು. ನಾಲಿಗೆ ಮಾತ್ರ ಕತ್ತರಿ. ಪ್ರೊಫೆಸರುಗಳ ಎದುರಿಗೇ ಅನ್ನುತ್ತಿದ್ದಳು: "ಬಂದ್ರು ನೋಡಿ, ಬಣ್ಣದ ಚಿತ್ರ ತೆಗೆಸ್ಕೊಳ್ಳೋಕೆ. ಇದೇನು ಫೋಟೋ ಸ್ಟುಡಿಯೋನಾ?"

ಅವಳಿಗೆ ಆಗದ್ದು ಥರ್ಮಸ್ಸು. ಆ ಊರಿನ ಜನ ಬಗಲಲ್ಲಿ ಬಿಸಿನೀರಿನ ಥರ್ಮಸ್, ಕೈಯಲ್ಲಿ ಚಹಾದಂತೆ ಹೀರುವ ಮಾಟೆ ಸೊಪ್ಪು ತುಂಬಿದ ಸೋರೆ ಬುರುಡೆ ಇಲ್ಲದೆ ಸ್ಮಶಾನಕ್ಕೂ ಹೋಗುವವರಲ್ಲ. ಆದರೆ ಮೈಕ್ರೋಸ್ಕೋಪು ಕೂತಿದ್ದದ್ದು ನೆಲದ ಅದುರು ತಾಗದಂತೆ ಗಾಳಿಯ ಮೇಲೆ ತೇಲುವ ಮೇಜಿನಲ್ಲಿ. ಬೆರಳು ತಾಗಿದರೂ ಚಿತ್ರ ಅಲುಗುತ್ತದೆ. "ಥರ್ಮಸ್ ಹೊರಗಿಡಿ, ಇಲ್ಲಾಂದ್ರೆ ನೀವೇ ಹೊರಗಿರಿ!" ಎಂದು ಅವಳು ಗದರದ ದಿನವಿರಲಿಲ್ಲ.

ನಿಯಮ ಉಳಿದವರಿಗೆ. ಡಾಕ್ಟರ್ ಅರೂಯೆ ಬಂದರೆ ಬೇರೆ. ಮಾತು ನಿಂತುಹೋಗಿ, ಸದಾ ಕೈ ಹೊಸೆಯುತ್ತಲೇ ಇರುವ ಮಕ್ಕಳ ಮಿದುಳಿನ ಕಾಯಿಲೆಯ ಮೇಲೆ ಆತ ಕೆಲಸ ಮಾಡುತ್ತಿದ್ದ. ಓಫೆಲಿಯಾಳ ತಂಗಿ ನೆಲಿದಾಳ ಮಗಳು ಅನಾಯಿಗೆ ಇದ್ದದ್ದು ಅದೇ ಕಾಯಿಲೆ. ಆರೋಗ್ಯವಾಗಿದ್ದ ಇಲಿಗಳ ಮಿದುಳಿನ ಜೀವಂತ ತುಣುಕುಗಳನ್ನು ಬೆಳಗಿನ ಗದ್ದಲದಲ್ಲಿ ಮುಗಿಸಿ, ಅದೇ ಕಾಯಿಲೆ ಬರಿಸಿದ ಇಲಿಗಳದ್ದನ್ನು ಮಧ್ಯಾಹ್ನ ಆತನೂ ಓಫೆಲಿಯಾಳೂ ಇಬ್ಬರೇ ಕೂತು ನಿಧಾನವಾಗಿ ನೋಡುತ್ತಿದ್ದರು. "ಒಂದು ಮಾಟೆ ಹಾಕಿ ಓಫೆಲಿಯಾ, ನಿಮ್ಮ ಕೈದು ರುಚೀನೇ ಬೇರೆ," ಎಂದು ಆತ ಹೊಗಳಿದ್ದೇ ತಡ, ಇವಳು ಕರಗಿದಳು. ಥರ್ಮಸ್ ಮೇಜಿನ ಅಂಚಿಗೇ ಬಂತು. ನನ್ನ ಕೈ ಹಗುರ, ನನ್ನಿಂದ ಏನಾಗುತ್ತದೆ ಎಂಬ ಜಂಬ.

ಜಂಬಕ್ಕೆ ತಕ್ಕ ಫಲವೂ ಸಿಕ್ಕಿತು. ಕಾಯಿಲೆಯ ಇಲಿಗಳಲ್ಲಿ ಮಾತ್ರ ನರಕೋಶದ ಮೈಮೇಲಿನ ಸಣ್ಣ ಮುಳ್ಳಿನಂಥ ಚಾಚುಗಳು ಅದುರುತ್ತವಂತೆ! ಆ ಅದುರು ನಿಲ್ಲಿಸಲು ಔಷಧಿಯೂ ಇದೆಯಂತೆ! ಮಕ್ಕಳಿಗೆ ಅದನ್ನು ಕೊಟ್ಟು ನೋಡುವುದೆಂದು ನಿಶ್ಚಯವಾಯಿತು. ನೆಲಿದಾ ಎಲ್ಲರಿಗಿಂತ ಮೊದಲು ಮಗಳ ಹೆಸರು ಬರೆಸಿದಳು.

ಪೋಷಕರ ಸಭೆಯಲ್ಲಿ ಅರೂಯೆ ಆ ಅದುರಿನ ವಿಡಿಯೋವನ್ನು ಗೋಡೆಯ ಮೇಲೆ ಓಡಿಸಿದ. ನೆಲಿದಾ ಕಣ್ಣೊರೆಸಿಕೊಂಡಳು. ಓಫೆಲಿಯಾ ನೋಡಿದಳು: ಒಂದು ಅದುರು, ಸ್ವಲ್ಪ ಬಿಡುವು, ಮತ್ತೊಂದು ಅದುರು, ಮತ್ತೆ ಬಿಡುವು. ಥರ್ಮಸ್ ಎತ್ತಿ, ಸುರಿದು, ಇಟ್ಟು, ಆತ ಹೀರಿ ಮುಗಿಸುವವರೆಗೆ ಕಾದು, ಮತ್ತೆ ಎತ್ತಿದ ಮಧ್ಯಾಹ್ನಗಳ ಲಯ ಅದು. ಅವಳ ಕೈಗೆ ಗುರುತು ಸಿಕ್ಕಿತು.

"ನಿಲ್ಸಿ ಡಾಕ್ಟ್ರೇ. ಅದು ಕಾಯಿಲೆ ಅಲ್ಲ, ನಮ್ಮ ಮಾಟೆ."

"ಈಗ ಬೇಡ ಓಫೆಲಿಯಾ," ಎಂದು ಅರೂಯೆ ಹಲ್ಲು ಕಚ್ಚಿಕೊಂಡೇ ನಕ್ಕ. "ಜನ ಕೂತಿದಾರೆ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ? ಆ ಔಷಧಿ ನೀವು ಕುಡೀತೀರಾ?"

ಪೋಷಕರನ್ನೆಲ್ಲ ಅವಳು ಮೈಕ್ರೋಸ್ಕೋಪಿನ ಕೋಣೆಗೇ ಕರೆದೊಯ್ದಳು. ಕಾಯಿಲೆಯ ಇಲಿಯದೇ ಹೊಸ ತುಣುಕು. ಮೇಜು ಖಾಲಿಯಿದ್ದಾಗ ಒಂದು ಮುಳ್ಳೂ ಮಿಸುಕಲಿಲ್ಲ. ಥರ್ಮಸ್ ಇಟ್ಟು ಎತ್ತಿದಳು. ಎಲ್ಲವೂ ಅದುರಿತು. ಅರೂಯೆ ಮೊಬೈಲು ಕಿವಿಗಿಟ್ಟುಕೊಂಡು ಜಾಗ ಖಾಲಿ ಮಾಡಿದ.

"ಊರಿಗೆಲ್ಲ ಬುದ್ಧಿ ಹೇಳ್ತಿದ್ದೆಯಲ್ಲೇ ಅಕ್ಕಾ," ಎಂದಳು ನೆಲಿದಾ. "ನಿನ್ನ ಮಾಟೆ ಅದುರಿಗೆ ನಾನು ನನ್ನ ಮಗೂಗೆ ಔಷಧಿ ಕುಡಿಸ್ತಿದ್ನಲ್ಲ!"

ಓಫೆಲಿಯಾ ಮೇಜನ್ನು ಒರೆಸತೊಡಗಿದಳು, ಥರ್ಮಸ್ ಇನ್ನೂ ಕೈಯಲ್ಲೇ ಇತ್ತು.

"ಎಲ್ಲಾ ಮೊದಲಿಂದ ಮತ್ತೆ ನೋಡ್ತೀಯಾ?" ಎಂದು ನೆಲಿದಾ ಕೇಳಿದಳು.

"ನೋಡ್ತೀನಿ."

"ಹಾಗಾದ್ರೆ ಕೊಡು ಇಲ್ಲಿ," ಎಂದು ತಂಗಿ ಥರ್ಮಸ್ ಕಿತ್ತುಕೊಂಡಳು.

ಮರುದಿನ ಓಫೆಲಿಯಾ ಒಳಗೆ ಹೊಸ ತುಣುಕು ಜೋಡಿಸುವಾಗ ನೆಲಿದಾ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಥರ್ಮಸ್ಸನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅನಾಯಿ ಕೈ ಹೊಸೆಯುತ್ತಿದ್ದಳು.