ರಾಜ್ಯಕ್ಕೆ ಮೂರು ಭೋಗವಸ್ತು

ನನ್ನ ತಮ್ಮ ಸೊರಬದ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಪಹಣಿ ತೆಗೆದುಕೊಡೋದು, ಅರ್ಜಿ ತುಂಬೋದು, ಮದುವೆ ಕಾರ್ಡು ಮಾಡೋದು ಅವನ ಕಸುಬು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸಾಮ್ರಾಜ್ಯ ಕಟ್ಟುತ್ತಾನೆ. ಊರು ಕಟ್ಟಿ, ಸೈನ್ಯ ಸಾಕಿ, ಅಕ್ಕಪಕ್ಕದ ರಾಜರ ಜೊತೆ ವ್ಯಾಪಾರವನ್ನೋ ಯುದ್ಧವನ್ನೋ ಮಾಡುವ ಒಂದು ವಿದೇಶಿ ಆಟವಿದೆ. ಆಡುವವರೂ ಹೊಸ ರಾಜ್ಯ ಸೇರಿಸಬಹುದಾದ ಆ ಆಟಕ್ಕೆ ನಮ್ಮ ಬನವಾಸಿ ಸೀಮೆಯ ಹಳೇ ರಾಜ್ಯವನ್ನೂ ಸೇರಿಸಬೇಕೆಂದು ಹಟ ಹಿಡಿದು ಕೂತಿದ್ದ.

ಆ ಆಟದಲ್ಲಿ ಅಕ್ಕಿ, ಕಬ್ಬಿಣ ಇದ್ದರೆ ಸಾಲದು. ಪ್ರಜೆಗಳು ಖುಷಿಯಾಗಿರಲು ಭೋಗವಸ್ತು ಬೇಕು. ಮೂಲ ಆಟದವರು ಕೊಟ್ಟಿದ್ದು ದ್ರಾಕ್ಷಾರಸ, ತುಪ್ಪಳ, ತಿಮಿಂಗಿಲ.

"ಸೊರಬಕ್ಕೆ ತಿಮಿಂಗಿಲ ಎಲ್ಲಿಂದ ತರ್ಲಿ ಅಕ್ಕ? ನೀನು ಹಿಸ್ಟರಿ ಟೀಚರ್. ನಮ್ಮ ಕಡೇವು ಮೂರು ಆರಿಸಿಕೊಡು" ಎಂದು ಫೋನ್ ಮಾಡಿದ.

ಶಿಕಾರಿಪುರದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ನಾನು ಸಾಮ್ರಾಜ್ಯಗಳ ಪತನಕ್ಕೆ ಕಾರಣಗಳನ್ನು ಬರೆಸುತ್ತ ಬಂದವಳು. ಒಂದನ್ನು ಕಟ್ಟಿಕೊಡು ಎಂದು ಯಾರೂ ಕೇಳಿರಲಿಲ್ಲ. ಹಿಗ್ಗಿನಲ್ಲಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿಬಿಟ್ಟೆ. ನಮ್ಮ ಮಾವ ಬಹುಕಾಲ ಅಡಿಕೆ ವ್ಯಾಪಾರ ಮಾಡಿದವರು.

"ಇದ್ರಾಗೆ ಆರ್ಸೋದೇನೈತಮ್ಮ? ಸರಕು ಒಂದು, ಬೆಟ್ಟೆ ಒಂದು, ರಾಶಿ ಇಡಿ ಒಂದು. ಮೂರಾತಲ್ಲ" ಎಂದರು.

"ಮಾವ, ಮೂರೂ ಅಡಿಕೆನೇ ಅಲ್ವಾ?"

"ಖರೀದಿದಾರರ ಮುಂದೆ ಹಂಗಂದು ನೋಡು."

ತಾವಿಲ್ಲದೆ ತೀರ್ಮಾನ ಕೆಟ್ಟೀತೆಂದು ಭಾನುವಾರ ನನ್ನ ಜೊತೆ ಅವರೂ ಬಸ್ ಹತ್ತಿದರು.

ಅಂಗಡಿಯಲ್ಲಿ ಕುಪ್ಪಗಡ್ಡೆ ಕಡೆಯ ರೈತರೊಬ್ಬರು ಪಹಣಿಗೆ ಕಾಯುತ್ತಿದ್ದರು. ಸರ್ವರ್ ಬಿಜಿ ಇತ್ತು. ವಿಷಯ ಕೇಳಿ ಅವರು ಕುರ್ಚಿ ಹತ್ತಿರ ಎಳೆದುಕೊಂಡು, "ಅನಾನಸ್ ಹಾಕಿ ಮೇಡಂ. ಅದಕ್ಕಿಂತ ಭೋಗ ಬೇಕಾ?" ಎಂದರು. ಅನಾನಸ್ ಆ ರಾಜರ ಕಾಲಕ್ಕೆ ಇರಲಿಲ್ಲ, ಬಹಳ ಆಮೇಲೆ ಹಡಗಿನಲ್ಲಿ ಬಂದದ್ದು ಎಂದು ವಿವರಿಸಿದೆ.

"ಪಾಪ, ಅವರು ತಿಂದಿಲ್ಲ ಅಂದ್ರೆ ಈಗಾದ್ರೂ ತಿನ್ಲಿ ಬಿಡಿ" ಎಂದರು.

ತಮ್ಮ ಶ್ರೀಗಂಧ ಎಂದ. ಅದಕ್ಕೆ ಯಾರದೂ ತಕರಾರಿರಲಿಲ್ಲ. ಆದರೆ ಆಟದಲ್ಲಿ ಒಮ್ಮೆ ಸಿಕ್ಕ ವಸ್ತು ಎಂದಿಗೂ ಮುಗಿಯುವುದಿಲ್ಲ ಎಂದು ಕೇಳಿ ಮಾವ ನಕ್ಕರು. "ಗಂಧ ಮುಗಿಯಲ್ಲ ಅಂದ್ರೆ ನಂಬೋರ್ಯಾರಪ್ಪ? ಒಂದ್ಸಲ ಕಡಿದ ಮೇಲೆ ಬರೀ ಬೊಡ್ಡೆ ಉಳೀಬೇಕು." ತಮ್ಮನಿಗೆ ಅದು ಹಿಡಿಸಿ ಹಾಗೇ ಬದಲಾಯಿಸಿದ.

ನನ್ನ ಮನಸ್ಸಿನಲ್ಲಿದ್ದದ್ದು ಗುಡವಿ ಕೆರೆಯ ಹಕ್ಕಿಗಳು. ತಮ್ಮ ತಲೆ ಕೆರೆದುಕೊಂಡ. ಯಾವ ವಸ್ತುವಾದರೂ ಲಾಭ ಕೊಡಬೇಕೆಂದರೆ ಅದರ ಮೇಲೆ ತೋಟವನ್ನೋ ಬೇಟೆ ಶಿಬಿರವನ್ನೋ ಕಟ್ಟಲೇಬೇಕಂತೆ.

"ಸುಮ್ನೆ ನೋಡಿ ಖುಷಿಪಡೋ ಹಾಗಿಲ್ವಾ?"

"ಅದಕ್ಕೆ ಬಟನ್ ಇಲ್ಲ ಅಕ್ಕ."

ಮುನಿಸಿನಿಂದಲೇ ಕಾಳುಮೆಣಸು ಎಂದೆ. ಅಡಿಕೆ, ಗಂಧ, ಮೆಣಸು ಎಂದು ತೀರ್ಮಾನವಾಯಿತು. ಅಡಿಕೆಗೆ ಒಂದೇ ಜಾಗ ಸಿಕ್ಕಿದ್ದಕ್ಕೆ ಮಾವನಿಗೆ ಬೇಸರವಾಗಿತ್ತು. ಸಮಾಧಾನಕ್ಕೆ ತಮ್ಮ ಅವರನ್ನೇ ರಾಜನ ಕುರ್ಚಿಯಲ್ಲಿ ಕೂರಿಸಿ ಆಟ ಶುರು ಮಾಡಿದ.

ಮಾವ ಚೆನ್ನಾಗಿಯೇ ಆಳಿದರು. ಸ್ವಲ್ಪ ಹೊತ್ತಿನಲ್ಲೇ ಉಗ್ರಾಣದ ತುಂಬ ಅಡಿಕೆ. ಪಕ್ಕದ ರಾಜ ಕುದುರೆ ಕೊಡುತ್ತೇನೆ, ಅಡಿಕೆ ಕೊಡಿ ಎಂದು ದೂತನನ್ನು ಕಳಿಸಿದ.

"ಬ್ಯಾಡ. ರೇಟು ಇನ್ನೂ ಏರ್ತೈತೆ."

"ಈ ಆಟದಲ್ಲಿ ರೇಟು ಏರಲ್ಲ ಮಾವ. ಕೊಟ್ಟುಬಿಡಿ. ನಮ್ಮ ಊರುಗಳಿಗಾದ್ರೂ ಹಂಚಿ, ಜನ ಸಿಟ್ಟಾಗಿದಾರೆ" ಎಂದ ತಮ್ಮ.

"ರೇಟು ಏರದ ದೇಶ ಎಲ್ಲೈತಪ್ಪ? ತಡಿ ಸ್ವಲ್ಪ."

ತಡೆದರು. ಒಂದೊಂದೇ ಊರು ದಂಗೆ ಎದ್ದಿತು. ಕೊನೆಗೆ ರಾಜಧಾನಿಯೇ ತುಂಬಿದ ಉಗ್ರಾಣದ ಸಮೇತ ಪಕ್ಕದ ರಾಜನ ಪಾಲಾಯಿತು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಜನಕ್ಕೆ ತಾಳ್ಮೆ ಇರ್ಬೇಕಿತ್ತು" ಎಂದರು.

"ಅನಾನಸ್ ಆಗಿದ್ರೆ ಕೊಳೀತದೆ ಅಂತ ಆವತ್ತೇ ಹಂಚಿಬಿಡ್ತಿದ್ರಿ ಮಾರಾಯ್ರೆ" ಎಂದರು ಕುಪ್ಪಗಡ್ಡೆಯವರು. ಅಷ್ಟರಲ್ಲಿ ಅವರ ಪಹಣಿ ಬಂತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವನ ಮುಖ ಸಪ್ಪಗಿತ್ತು. ನನಗೆ ಅಯ್ಯೋ ಅನ್ನಿಸಿತು. ಅವರು ಕೇಳಿದರು, "ನಿನ್ನ ಪಾಠದಾಗೂ ರಾಜ್ಯಗಳು ಹಿಂಗೇ ಬಿದ್ದಾವೇನಮ್ಮ?"

"ಇದಕ್ಕಿಂತ ಸಣ್ಣ ಕಾರಣಕ್ಕೂ ಬಿದ್ದಿವೆ ಮಾವ."

ಮುಖ ಸ್ವಲ್ಪ ತಿಳಿಯಾಯಿತು.

ತಮ್ಮ ನಮ್ಮ ರಾಜ್ಯವನ್ನು ನೆಟ್‌ನಲ್ಲಿ ಬಿಟ್ಟ. ಕೆಲವರು ಆಡಿದರು. ಯಾವುದೋ ದೇಶದವನೊಬ್ಬ, ಇದು ಜಾಯಿಕಾಯಿಯೇ ಎಂದು ಅಡಿಕೆಯ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದ್ದ. ಸುದ್ದಿ ತಿಳಿದು ಮಾವ ಫೋನಿನಲ್ಲೇ ಉತ್ತರ ಬರೆಸತೊಡಗಿದರು. ಮರದಿಂದ ಗೊನೆ ಇಳಿಸುವುದರಿಂದ ಹಿಡಿದು ಬೇಯಿಸುವುದು, ಒಣಗಿಸುವುದು, ಬಣ್ಣ ನೋಡಿ ವಿಂಗಡಿಸುವುದು ಎಲ್ಲವನ್ನೂ ಹೇಳಿದರು. ಅತ್ತ ತಮ್ಮ ಹೂಂ, ಹೂಂ ಎನ್ನುತ್ತಿದ್ದ. ಆಮೇಲೆ ನಾನು ತೆರೆದು ನೋಡಿದರೆ, ತಮ್ಮ ಬರೆದದ್ದು ಒಂದೇ ಸಾಲು: ಹೌದು, ಸುಮಾರು ಹಾಗೇ.

"ಏನಂದನಮ್ಮ ಆ ಪರದೇಶದೋನು?" ಎಂದು ಮಾವ ಕೇಳಿದರು.

"ಒಪ್ಪಿಕೊಂಡಿದಾನೆ ಮಾವ" ಎಂದೆ.